ಹುಲ್ಲು ನೋಡಿ ಮನುಷ್ಯರನ್ನು ಅಳೆಯಬಹುದೇ?



ಜರ್ಮನಿಯಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳಿದ್ದೆ. ಅಲ್ಲಿ ಎಲ್ಲರ ಅಂಗಳದ ಹುಲ್ಲೂ ಒಪ್ಪವಾಗಿತ್ತು. ಪಕ್ಕದ ಮನೆಯ ಅಜ್ಜಿಯದು ಮಾತ್ರ ಮೊಣಕಾಲೆತ್ತರ. ಸೋಮಾರಿತನವೆಂದುಕೊಂಡೆ. ಭಾಷೆ ಬಾರದೆಂದು ಕೇಳಲೂ ಇಲ್ಲ. ಒಂದು ಭಾನುವಾರ ಪೂಜೆ ಮುಗಿಸಿ ಬಂದು, ಪರೋಪಕಾರವೆಂದು ನಾನೇ ಕತ್ತರಿಸಲು ಯಂತ್ರ ಹೊರಗೆಳೆದೆ. ಮಗ ತಡೆದ. ಭಾನುವಾರ ವಸತಿ ಪ್ರದೇಶದಲ್ಲಿ ಆ ಯಂತ್ರ ಓಡಿಸುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ. ಅಜ್ಜಿ ಆ ಹುಲ್ಲನ್ನು ಜೇನುನೊಣಗಳಿಗಾಗಿ ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು.

ಅಮೆರಿಕದ ಎಷ್ಟೋ ಊರುಗಳಲ್ಲಿ ಹುಲ್ಲು ಎತ್ತರವಾದರೆ ದಂಡ. ಬ್ರಿಟನ್ನಿನಲ್ಲಿ ಮೇ ತಿಂಗಳಿಡೀ ಕತ್ತರಿಸಬೇಡಿರೆಂಬ ಆಂದೋಲನ. ಅಸ್ಸೀಸಿಯ ಸಂತ ಫ್ರಾನ್ಸಿಸರು ಮಠದ ತೋಟದ ಒಂದು ಭಾಗವನ್ನು ಕಾಡುಹೂಗಳಿಗಾಗಿ ಹಾಗೇ ಬಿಡಲು ಹೇಳಿದ್ದನ್ನು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನೆನೆಯುತ್ತಾರೆ.

ಹಾಗಾದರೆ ಸರಿ ತಪ್ಪು ಎಂಬುದೇ ಇಲ್ಲವೇ? ಇದೆ. ನೆರೆಯವರನ್ನು ಕೇಳದೆ ತೀರ್ಪು ಕೊಡುವುದು ಎಲ್ಲ ದೇಶದಲ್ಲೂ ತಪ್ಪೇ. ನಮ್ಮಲ್ಲೂ ಅಂಗಳ ಗುಡಿಸದ ಮನೆ ಕಂಡರೆ ಕಾಲಿಗಿಂತ ಮೊದಲು ನಾಲಿಗೆ ಓಡುತ್ತದೆ. ಒಳಗೆ ಯಾರೋ ಕಾಯಿಲೆ ಬಿದ್ದಿರಬಹುದು. ಈ ವಾರ, ಅವರ ಭಾಷೆ ಬೇರೆಯಾದರೂ ಸರಿ, ಅಂಥ ಒಂದು ಮನೆಯ ಬಾಗಿಲು ತಟ್ಟಿ, ಹೇಗಿದ್ದೀರಿ ಎಂದು ಕೇಳೋಣ.