ಸಾಸಿವೆ ಡಬ್ಬಿಗೆ ಯಾವ ಕೆಟಗರಿ?

ಮನೆ ಖರ್ಚಿನ ಲೆಕ್ಕಕ್ಕೆ ಯಾವ ಆ್ಯಪ್ ಹಾಕ್ಕೊಳ್ಳಲಿ ಅಂತ ಕೇಳೋರೆಲ್ಲ ಹೆಚ್ಚುಕಡಿಮೆ ಒಂದೇ ಪಟ್ಟಿ ಹಿಡಿದು ಬರುತ್ತಾರೆ. ಫ್ರೀನಾ? ಬ್ಯಾಂಕಿನ ಎಸ್ಎಂಎಸ್ ತಾನೇ ಓದಿಕೊಳ್ಳುತ್ತಾ? ಗಂಡ-ಹೆಂಡತಿ ಇಬ್ಬರ ಫೋನಲ್ಲೂ ಸಿಂಕ್ ಆಗುತ್ತಾ? ಇದನ್ನು ಹಾಕಿಕೊಂಡ ಮೇಲೆ ಮನೆಯಲ್ಲಿ ಯಾರ ದುಡ್ಡನ್ನು ಯಾರು ನೋಡುತ್ತಾರೆ ಅನ್ನೋ ಪ್ರಶ್ನೆ ಮಾತ್ರ ಆ ಪಟ್ಟಿಯಲ್ಲಿ ಇರಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ್ದೇ ಅದು.

ನಮ್ಮೂರು ತಿಪಟೂರಿನ ಕಡೆ. ಕೊಬ್ಬರಿ ಮಾರಿ ಬಂದ ದುಡ್ಡು ಅಪ್ಪನದು, ಅಂದರೆ ಮನೆಯದು. ಮಂಡಿಯವರ ಚೀಟಿ ಗೋಡೆಯ ಮೊಳೆಗೆ ಚುಚ್ಚಿರುತ್ತಿತ್ತು, ಯಾರು ಬೇಕಾದರೂ ನೋಡಬಹುದಿತ್ತು. ಅಮ್ಮನದು ಸಾಸಿವೆ ಡಬ್ಬಿ. ಡೈರಿಗೆ ಹಾಕಿ ಮಿಕ್ಕ ಹಾಲಿನ ಬೆಣ್ಣೆ ಮಾರಿದ್ದು, ಹುಣಸೆಹಣ್ಣು ಕುಟ್ಟಿದ ಕೂಲಿ, ತವರಿಗೆ ಹೋದಾಗ ಮಾವ ಕೈಗೆ ತುರುಕಿದ ನೋಟು, ಎಲ್ಲ ಅದರೊಳಗೆ. ನನ್ನ ಬಿಇ ಎರಡನೇ ವರ್ಷದ ಪರೀಕ್ಷೆ ಫೀಸು ಅಲ್ಲಿಂದಲೇ ಬಂತು. ಡಬ್ಬಿ ಇರೋದು ಅಪ್ಪನಿಗೆ ಗೊತ್ತಿತ್ತು. ಎಷ್ಟಿದೆ ಅಂತ ಕೇಳಿದ್ದನ್ನು ಮಾತ್ರ ನಾನು ಕಾಣೆ.

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿಯ ನೋಟು ರದ್ದಾದಾಗ ಎಷ್ಟೋ ಮನೆಗಳಲ್ಲಿ ಇಂಥ ಡಬ್ಬಿಗಳು ಮೊದಲ ಸಲ ಹೊರಗೆ ಬಂದವು. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದರೆ ತೆರಿಗೆ ಇಲಾಖೆ ಪ್ರಶ್ನೆ ಮಾಡಲ್ಲ ಅಂತ ಕೇಂದ್ರ ಸರ್ಕಾರವೇ ಹೇಳಿತು. ಇಲಾಖೆ ಕೇಳಲ್ಲ ಸರಿ, ಗಂಡಂದಿರು ಕೇಳಿದರಲ್ಲ!

ಈಗ ಡಬ್ಬಿ ಬ್ಯಾಂಕಿಗೆ ಹೋಗಿದೆ. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗಿಂದ ತಿಂಗಳ 2,000 ರೂಪಾಯಿ (ತಡವಾದರೂ) ಅಮ್ಮನ ಖಾತೆಗೆ ಬೀಳುತ್ತೆ. ಖಾತೆಗೆ ಕೊಟ್ಟಿದ್ದು ನನ್ನ ಮೊಬೈಲ್ ನಂಬರು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ, ಬೆಂಗಳೂರಲ್ಲಿರೋ ಮಗನ ನಂಬರು. ಎಸ್ಎಂಎಸ್ ಓದುವ ಆ್ಯಪ್ ಒಂದನ್ನು ನಾನು ಹಾಕಿ ನೋಡಿದ ವಾರವೇ ನನ್ನ ಪೈ ಚಾರ್ಟಿನಲ್ಲಿ ಅಮ್ಮ ಬಂದು ಕೂತಳು. 2,000 ‘ಇನ್‌ಕಮ್’. ಎರಡು ದಿನ ಬಿಟ್ಟು 1,500 ‘ಕ್ಯಾಶ್ ವಿತ್‌ಡ್ರಾವಲ್, ಕೆಟಗರಿ ಆಯ್ಕೆ ಮಾಡಿ’. ಆ್ಯಪ್ ಅನುಮತಿ ಕೇಳಿದ್ದು ನನ್ನನ್ನು. ದುಡ್ಡು ಅವಳದು. ಅವಳು 1,500ಕ್ಕೆ ಏನು ಮಾಡಿದಳು ಅಂತ ಒಂದು ಕ್ಷಣ ನನಗೂ ಕುತೂಹಲ ಆಯ್ತು, ಸುಳ್ಳು ಯಾಕೆ ಹೇಳಲಿ.

ಮನೆಯೊಳಗೆ ಗುಟ್ಟು ಯಾಕೆ, ಎಲ್ಲ ಪಾರದರ್ಶಕವಾಗಿರಲಿ ಅನ್ನೋದು ನಮ್ಮ ವಯಸ್ಸಿನವರ ವಾದ. ಅದರಲ್ಲಿ ಹುರುಳಿದೆ. ಎಫ್ ಅಂಡ್ ಓ ವ್ಯವಹಾರ ಮಾಡಿದ ಬಿಡಿ ಹೂಡಿಕೆದಾರರಲ್ಲಿ ಶೇ. 93 ಮಂದಿ ಮೂರು ವರ್ಷದಲ್ಲಿ ನಷ್ಟ ಮಾಡಿಕೊಂಡರು ಅಂತ ಸೆಬಿಯೇ 2024ರಲ್ಲಿ ಹೇಳಿತು. ಅವರಲ್ಲಿ ಎಷ್ಟು ಜನ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ್ದಾರು? ಅಂಥ ಗುಟ್ಟು ಮನೆಪತ್ರವನ್ನೇ ಅಡ ಇಡಿಸುತ್ತೆ. ಆದರೆ ಸಾಸಿವೆ ಡಬ್ಬಿಯನ್ನು ತಂದು ಅದರ ಪಕ್ಕಕ್ಕೆ ಕಟ್ಟೋದು ಅನ್ಯಾಯ. ಖಾತೆಯ ಯಜಮಾನ ಮುಚ್ಚಿಡೋದು ಬೇರೆ, ಖಾತೆಯೇ ಇಲ್ಲದವಳು ಕೂಡಿಡೋದು ಬೇರೆ.

ಪಾರದರ್ಶಕತೆಯ ಭಾರ ಇಬ್ಬರ ಮೇಲೂ ಸಮನಾಗಿ ಬೀಳಲ್ಲ. ಒಳ್ಳೇ ಸಂಬಳ ಇರೋನು ಲೆಕ್ಕ ತೋರಿಸಿದರೆ ಅವನ ಗಂಟೇನೂ ಹೋಗಲ್ಲ. ಕೆಲಸ ಬಿಟ್ಟು ಮಗು ನೋಡಿಕೊಳ್ಳುತ್ತಿರೋಳು ತಂಗಿಗೆ ಕೊಟ್ಟ 800 ರೂಪಾಯಿಗೂ ಕೆಟಗರಿ ಆರಿಸಬೇಕಾಗಿ ಬಂದರೆ, ಮುಂದಿನ ಸಲ ಅವಳು ಕೊಡೋದೇ ಇಲ್ಲ. ಯಾರೂ ಬೈದಿರಲ್ಲ, ಯಾರೂ ಕೇಳಿರಲ್ಲ. ಕಾಣುತ್ತೆ ಅನ್ನೋದೇ ಸಾಕು. ಅದಕ್ಕೇ ನನಗನಿಸೋದು, ದುಡ್ಡು ಯಾರ ಕೈಲಿ ಜಾಸ್ತಿ ಇದೆಯೋ ಅವರ ಲೆಕ್ಕ ಮೊದಲು ತೆರೆಯಬೇಕು. ಇನ್ನೊಬ್ಬರು ತೆರೆಯೋದು ಅವರಿಷ್ಟ.

ನಾವು ಕೊನೆಗೆ ಆರಿಸಿದ್ದು ಗ್ನುಕ್ಯಾಶ್. ನೋಡೋಕೆ ಹಳೇ ಸರ್ಕಾರಿ ಕಚೇರಿ ಇದ್ದ ಹಾಗಿದೆ. ಆದರೆ ಉಚಿತ, ಫೈಲು ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತೆ, ನಾವಾಗಿ ಬರೆದದ್ದು ಬಿಟ್ಟು ಬೇರೇನೂ ಅದಕ್ಕೆ ಗೊತ್ತಾಗಲ್ಲ. ಅದರದ್ದು ಡಬಲ್ ಎಂಟ್ರಿ ಪದ್ಧತಿ, 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಚೋಲಿ ಅನ್ನೋ ಕ್ರೈಸ್ತ ಸನ್ಯಾಸಿ ವಿವರಿಸಿ ಅಚ್ಚು ಹಾಕಿಸಿದ್ದು. ಒಂದು ಖಾತೆಯಿಂದ ಹೋದದ್ದು ಇನ್ನೊಂದಕ್ಕೆ ಸೇರಲೇಬೇಕು. ಎಲ್ಲಿಗೆ ಅಂತ ನೀವು ಹೇಳದಿದ್ದರೆ ಗ್ನುಕ್ಯಾಶ್ ತಾನೇ ‘ಇಂಬ್ಯಾಲೆನ್ಸ್’ ಅಂತ ಒಂದು ಖಾತೆ ತೆರೆದು ಅಲ್ಲಿಗೆ ತಳ್ಳುತ್ತೆ. ವ್ಯಾಪಾರಕ್ಕೆ ಸರಿ. ಮನೆಯಲ್ಲಿ ಒಬ್ಬರು ಹೇಳದೆ ಖರ್ಚು ಮಾಡಿದ್ದಕ್ಕೆ ಆ ಹೆಸರು ನನಗೆ ಒಗ್ಗಲಿಲ್ಲ. ‘ಕೇಳೋ ಹಾಗಿಲ್ಲ’ ಅಂತ ನಾವೇ ಒಂದು ಖಾತೆ ಮಾಡಿಕೊಂಡೆವು, ತಿಂಗಳಿಗೆ ತಲಾ 5,000. ಸಾಲ, ಶೇರು, ಇಎಂಐ ಮಾತ್ರ ಅದರೊಳಗೆ ನುಗ್ಗುವಂತಿಲ್ಲ, ಅವು ಎದುರಿಗೇ ಇರಬೇಕು. ಈ 5,000 ಅನ್ನೋದನ್ನ ಗೊತ್ತು ಮಾಡಿದ್ದು ಯಾರು ಅಂತ ಹೆಂಡತಿ ಕೇಳಿದಳು. ಸರಿಯಾದ ಪ್ರಶ್ನೆ. ಅದಕ್ಕಿನ್ನೂ ನನ್ನ ಹತ್ತಿರ ಉತ್ತರ ಇಲ್ಲ.

ಅಮ್ಮನ ಖಾತೆಯ ಮೆಸೇಜು ನನಗೆ ಬರ್ತಿದೆ ಕಣಮ್ಮ ಅಂದಾಗ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. “ನೀನು ನೋಡುದ್ರೆ ಏನಾಯ್ತದಪ್ಪ, ನೀನೇನ್ ಹೊರಗಿನೋನಾ?” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮಪ್ಪಂಗೆ ಹೇಳ್ಬ್ಯಾಡ, ಅಷ್ಟೆ” ಅಂತ ಸೇರಿಸಿದಳು. ಆದರೂ ಮುಂದಿನ ಸಲ ಊರಿಗೆ ಹೋದಾಗ ಅವಳನ್ನ ಬ್ಯಾಂಕಿಗೆ ಕರೆದುಕೊಂಡು ಹೋಗಿ ನಂಬರು ಬದಲಾಯಿಸಿದ್ದಾಯ್ತು. ಈಗ ಮೆಸೇಜು ಅವಳ ಕೀಪ್ಯಾಡ್ ಫೋನಿಗೇ ಬರುತ್ತೆ. ಇಂಗ್ಲಿಷಲ್ಲಿರುತ್ತಲ್ಲ, ಓದಿಸಿಕೊಳ್ಳೋಕೆ ಪಕ್ಕದ ಮನೆಯ ಪಿಯುಸಿ ಹುಡುಗಿ ಹತ್ತಿರ ಹೋಗ್ತಾಳೆ. ನನಗೆ ಫೋನ್ ಮಾಡಲ್ಲ.