ದಪ್ಪ ಮೈಗೂ ತೆಳು ಬಟ್ಟೆ

ಅಕ್ಷಯ ತೃತೀಯದ ದಿನ ರಾಯರ ಮಠಗಳಲ್ಲಿ ಬೃಂದಾವನಕ್ಕೆ ಗಂಧಲೇಪನ ಮಾಡುತ್ತಾರೆ. ವೈಶಾಖದ ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ ಗುರುಗಳಿಗೂ ತಂಪು ಬೇಕೆಂಬ ಭಾವ ಅದರಲ್ಲಿದೆ. ಪುರಿಯ ಜಗನ್ನಾಥನಿಗೆ ಅದೇ ದಿನ ಶುರುವಾಗುವ ಚಂದನ ಯಾತ್ರೆ 42 ದಿನ ನಡೆಯುತ್ತದೆ; ಉತ್ಸವಮೂರ್ತಿಗಳು ನರೇಂದ್ರ ಸರೋವರದಲ್ಲಿ ದೋಣಿವಿಹಾರಕ್ಕೆ ಹೊರಡುತ್ತವೆ. ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥಜಿಗೆ ಚಳಿಗಾಲದಲ್ಲಿ ಹತ್ತಿ ತುಂಬಿದ ಉಡುಪು, ಬೇಸಿಗೆ ಬಂತೆಂದರೆ ತೆಳುವಾದ ಹತ್ತಿಯ ವಸ್ತ್ರ. ದೇವರ ಮೈಗೂ ಸೆಕೆಯಾಗುತ್ತದೆಂದು ನಂಬಿ ನಡೆದುಕೊಳ್ಳುವ ಈ ಅಕ್ಕರೆ ನಮ್ಮ ಧರ್ಮಾಚರಣೆಯಲ್ಲಿ ಮನಸ್ಸಿಗೆ ಬಹಳ ಹತ್ತಿರವಾಗುವ ಸಂಗತಿ.

ಆದರೆ ಗುಡಿಯಿಂದ ಹೊರಬಂದರೆ ಈ ಅಕ್ಕರೆ ಎಲ್ಲ ಮೈಗಳಿಗೂ ಸಿಗುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬಿಸಿಲು 40 ಡಿಗ್ರಿ ದಾಟಿದಾಗ, ಬಸ್‌ಸ್ಟ್ಯಾಂಡಿನಲ್ಲಿ ನಿಂತ ದಪ್ಪ ಮೈಯ ಹೆಂಗಸನ್ನು ಗಮನಿಸಿ. ಮೊಣಕೈ ದಾಟಿದ ತೋಳು, ಕಡುಬಣ್ಣದ ಪಾಲಿಯೆಸ್ಟರ್ ಕುರ್ತಾ, ಕಾಲಿಗೆ ಅಂಟಿಕೊಂಡ ಲೆಗ್ಗಿಂಗ್ಸ್, ಎದೆಯಿಂದ ಹೊಟ್ಟೆಯವರೆಗೆ ಹರಡಿ ಪಿನ್ ಹಾಕಿದ ದುಪಟ್ಟಾ. ಬಿಸಿಲನ್ನು ನೆನೆದು ಯಾರೂ ಇಂಥ ಬಟ್ಟೆ ಆರಿಸುವುದಿಲ್ಲ. ‘ತೋಳು ದಪ್ಪ ಕಾಣ್ಸುತ್ತೆ’, ‘ಹೊಟ್ಟೆ ಮುಚ್ಚೋ ಹಂಗಿರ್ಲಿ’, ‘ನಿನ್ನ ಮೈಗೆ ಕಪ್ಪೇ ಸರಿ’ ಎಂದು ಅಮ್ಮ, ಅತ್ತೆ, ಅಂಗಡಿಯ ಹುಡುಗಿ ಹೇಳುತ್ತ ಬಂದ ಮಾತುಗಳು ಅವಳ ಪರವಾಗಿ ಆರಿಸಿವೆ. ಹಾಗಿದ್ದರೆ ಬಟ್ಟೆ ಇರುವುದು ಉಡುವವಳ ಸಲುವಾಗಿಯೋ, ನೋಡುವವರ ಸಲುವಾಗಿಯೋ? ಫ್ಯಾಷನ್ ಪುಟಕ್ಕೆ ತಳ್ಳಿ ಕೈತೊಳೆದುಕೊಳ್ಳುವ ಪ್ರಶ್ನೆ ಇದಲ್ಲ. ಹೆಣ್ಣಿನ ಮೈಮೇಲಿನ ಬಟ್ಟೆಯನ್ನು ಕುರಿತು ಕನ್ನಡ ನೆಲದಲ್ಲಿ ಸಾವಿರ ವರ್ಷಗಳ ಹಿಂದೆಯೇ ಮೋಕ್ಷದ ಮಟ್ಟದಲ್ಲಿ ವಾದ ನಡೆದಿದೆ.

ಜೈನರಲ್ಲಿ ಅದು ದೊಡ್ಡ ತಕರಾರು. ಪರಿಗ್ರಹವನ್ನೆಲ್ಲ, ಅಂದರೆ ಆಸ್ತಿಪಾಸ್ತಿಯನ್ನೆಲ್ಲ, ಬಿಟ್ಟವರಿಗಷ್ಟೇ ಮುಕ್ತಿ, ಬಟ್ಟೆಯೂ ಪರಿಗ್ರಹ, ಹೆಂಗಸು ಬಟ್ಟೆ ಬಿಟ್ಟು ಬಾಳಲಾರಳು, ಆದ್ದರಿಂದ ಆ ಜನ್ಮದಲ್ಲಿ ಅವಳಿಗೆ ಮೋಕ್ಷವಿಲ್ಲ ಎಂದು ದಿಗಂಬರರು ವಾದಿಸಿದರು. ಶ್ವೇತಾಂಬರರು ಒಪ್ಪಲಿಲ್ಲ. ಕರ್ನಾಟಕದಲ್ಲಿ ಬಲವಾಗಿ ಬೇರೂರಿದ್ದ ಯಾಪನೀಯ ಸಂಘದ ನಿಲುವು ಇನ್ನೂ ಕುತೂಹಲದ್ದು. ಅವರ ಮುನಿಗಳು ದಿಗಂಬರರಂತೆ ಬೆತ್ತಲೆಯಾಗಿಯೇ ಇರುತ್ತಿದ್ದರು, ಆದರೆ ಹೆಣ್ಣಿಗೆ ಮುಕ್ತಿಯಿದೆ ಎನ್ನುತ್ತಿದ್ದರು. ಈ ಸಂಘದವನೇ ಆದ ಒಂಬತ್ತನೆಯ ಶತಮಾನದ ಶಾಕಟಾಯನ, ತನ್ನ ವ್ಯಾಕರಣದ ವ್ಯಾಖ್ಯಾನಕ್ಕೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಗೌರವಕ್ಕೆ ‘ಅಮೋಘವೃತ್ತಿ’ ಎಂದು ಹೆಸರಿಟ್ಟ ಅದೇ ಪಂಡಿತ, ಈ ವಾದಕ್ಕೆಂದೇ ‘ಸ್ತ್ರೀನಿರ್ವಾಣ ಪ್ರಕರಣ’ ಬರೆದ. ಅವನ ತರ್ಕದ ಒಂದು ಎಳೆ ಇದು: ಮುನಿ ಕೈಯಲ್ಲಿ ಹಿಡಿಯುವ ನವಿಲುಗರಿಯ ಪಿಂಛಿ ಹುಳುಹುಪ್ಪಟೆಗೆ ನೋವಾಗದಂತೆ ನಡೆಯಲು ಬೇಕಾದ ಸಾಧನ. ಅದನ್ನು ಯಾರೂ ಆಸ್ತಿ ಎನ್ನುವುದಿಲ್ಲ. ಜೈನ ಸನ್ಯಾಸಿನಿಯಾದ ಆರ್ಯಿಕೆಯ ಸೀರೆಯೂ ಹಾಗೆಯೇ ಅವಳ ಧರ್ಮಸಾಧನೆಗೆ ಒದಗುವ ಉಪಕರಣ. ಅಂಟು ಇರುವುದು ಮನಸ್ಸಿನ ಮಮತೆಯಲ್ಲಿ, ಬಟ್ಟೆಯ ನೂಲಿನಲ್ಲಿ ಅಲ್ಲ.

ಸನ್ಯಾಸಿನಿಯ ಮೋಕ್ಷಕ್ಕಾಗಿ ಹೂಡಿದ ಈ ವಾದ ಸಂಸಾರದ ನಡುವೆ ಬೆವರುವ ಹೆಂಗಸಿಗೂ ದಾರಿ ತೋರಿಸುತ್ತದೆ. ಬಟ್ಟೆ ಉಪಕರಣವಾದರೆ ಅದನ್ನು ಅಳೆಯಬೇಕಾದದ್ದು ಅದು ಮಾಡುವ ಕೆಲಸದಿಂದ. ಅವಳು ನಡೆಯಲು, ದುಡಿಯಲು, ನೆಲದ ಮೇಲೆ ಕೂತು ಏಳಲು, ಪೂಜೆಗೆ ಕೈಯೆತ್ತಲು ಅದು ಒದಗುತ್ತದೆಯೇ? ದಪ್ಪ ಮೈಯ ವಿಷಯದಲ್ಲಿ ಮಾತ್ರ ನಾವು ಈ ಅಳತೆಗೋಲನ್ನು ಬದಿಗಿಟ್ಟು, ಮರೆಮಾಚುವುದೇ ಬಟ್ಟೆಯ ಕೆಲಸ ಎಂದುಬಿಟ್ಟಿದ್ದೇವೆ. ಸೌಂದರ್ಯದ ಸಲಹೆಯ ರೂಪದಲ್ಲಿ ಬರುವ ಈ ಮಾತಿನೊಳಗೆ ಒಂದು ತೀರ್ಪು ಅಡಗಿದೆ: ಈ ಮೈ ಒಂದು ತಪ್ಪು, ಅದನ್ನು ಹೊತ್ತವಳು ಬಿಸಿಲಲ್ಲಿ ಬೆಂದು ದಂಡ ಕಟ್ಟಲಿ. ಯಾವ ಧರ್ಮವೂ ವಿಧಿಸದ ಪ್ರಾಯಶ್ಚಿತ್ತ ಇದು.

ಮೈಗೆ ನಿಜವಾಗಿ ಏನು ಬೇಕೆಂದು ಮೈಯನ್ನೇ ಕೇಳಬೇಕು. ಮನುಷ್ಯ ತಣ್ಣಗಾಗುವುದು ಬೆವರು ಸುರಿದಾಗಲ್ಲ, ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಚರ್ಮದ ಮೇಲೆ ಹರಿದು ಬಟ್ಟೆಗೆ ಅಂಟಿಕೊಂಡರೆ ಆ ತಂಪು ಸಿಗುವುದಿಲ್ಲ. ಮಂಗಳೂರು, ಕಾರವಾರದ ಹಸಿ ಗಾಳಿಯಲ್ಲಿ ಬೆವರು ಆರುವುದೇ ಕಷ್ಟ. ತೂಕ ಹೆಚ್ಚಿದ ಮೈಯಲ್ಲಿ ಹುಟ್ಟುವ ಶಾಖ ಹೆಚ್ಚು, ತೂಕಕ್ಕೆ ಹೋಲಿಸಿದರೆ ಅದನ್ನು ಹೊರಹಾಕುವ ಚರ್ಮದ ಹರವು ಕಡಿಮೆ. ಮೇಲಾಗಿ ಕಂಕುಳು, ಎದೆಯ ಕೆಳಗು, ಹೊಟ್ಟೆಯ ಮಡಿಕೆ, ತೊಡೆಸಂದಿಗಳಲ್ಲಿ ಚರ್ಮ ಚರ್ಮಕ್ಕೆ ತಾಗಿ ಗಾಳಿಯಾಡದೆ ಬೆವರುಸಾಲೆ ಏಳುತ್ತದೆ, ಉಜ್ಜಿ ಕೆಂಪಾಗುತ್ತದೆ, ಕೆಲವೊಮ್ಮೆ ಶಿಲೀಂಧ್ರದ ಸೋಂಕೂ ಆಗುತ್ತದೆ. ಅಂದರೆ ತೆಳು ಬಟ್ಟೆ, ಗಾಳಿ, ಸಡಿಲ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ನಾವು ದಪ್ಪ ಬಟ್ಟೆ, ಉದ್ದ ತೋಳು, ಮೇಲೊಂದು ಹೊದಿಕೆ ಹೇಳುತ್ತಿದ್ದೇವೆ.

ನೂಲಿನ ಗುಣದಲ್ಲೂ ಅಜಗಜಾಂತರ. ಹತ್ತಿ ಸಾಮಾನ್ಯ ಗಾಳಿಯಲ್ಲಿ ತನ್ನ ಒಣತೂಕದ ಶೇ 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಲಿನನ್ ಸುಮಾರು ಶೇ 12ರಷ್ಟು. ಪಾಲಿಯೆಸ್ಟರಿನದು ಶೇ ಅರ್ಧಕ್ಕೂ ಕಡಿಮೆ. ರೇಯಾನ್ ಮೈಮೇಲೆ ಚೆನ್ನಾಗಿ ಇಳಿಬೀಳುತ್ತದೆ, ಬೆವರನ್ನೂ ಹೀರುತ್ತದೆ. ನೆನೆದಾಗ ಬಲ ಕಳೆದುಕೊಳ್ಳುವುದರಿಂದ ಒಗೆಯುವಾಗ ಕುಕ್ಕಬಾರದು, ಅಷ್ಟೆ. ಹತ್ತಿಗೂ ಮಿತಿಯುಂಟು. ಒದ್ದೆಯಾದ ಹತ್ತಿ ನಿಧಾನವಾಗಿ ಒಣಗುತ್ತದೆ, ಒದ್ದೆಯಲ್ಲೇ ಉಜ್ಜಿದರೆ ಚರ್ಮ ಕಿತ್ತುಬರುತ್ತದೆ. ಅದಕ್ಕೇ ತೊಡೆಗಳ ನಡುವೆ ಮಾತ್ರ ನುಣುಪಾದ, ಮೊಣಕಾಲಿನವರೆಗಿನ ತೆಳು ಒಳಚಡ್ಡಿ ಹಾಕಿ, ಅದರ ಮೇಲೆ ಮಲ್ಮಲ್ಲಿನ ಅಗಲ ಪಲಾಜೊ ಅಥವಾ ಲಂಗ ತೊಡುವುದು ಬೇಸಿಗೆಯಿಡೀ ನಡೆದಾಡುವ ಹೆಂಗಸಿಗೆ ಲೆಗ್ಗಿಂಗ್ಸಿಗಿಂತ ಎಷ್ಟೋ ವಾಸಿ.

ಬಣ್ಣದ ಬಗ್ಗೆಯೂ ತಿಳಿಯಬೇಕಾದ ಒಂದು ಸಂಗತಿಯಿದೆ. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆಂದು ವಿಜ್ಞಾನಿಗಳು ಪರೀಕ್ಷಿಸಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಬಿಸಿಲನ್ನು ಹೆಚ್ಚು ಹೀರಿದರೂ, ನಿಲುವಂಗಿ ಸಡಿಲವಾಗಿದ್ದಾಗ ಒಳಗಿನ ಮೈಗೆ ಮುಟ್ಟುವ ಶಾಖ ಬಿಳಿ ನಿಲುವಂಗಿಯಲ್ಲಿ ಇರುವಷ್ಟೇ. ನಡುವಿನ ಗಾಳಿ ಆ ಹೆಚ್ಚುವರಿ ಬಿಸಿಯನ್ನು ಒಯ್ದುಬಿಡುತ್ತದೆ. ಕಪ್ಪು ಇಷ್ಟವಿದ್ದವಳು ಕಪ್ಪನ್ನೇ ಉಡಲಿ, ಸಡಿಲವಾಗಿ ಉಡಲಿ. ಮೈಗಂಟುವ ಕಪ್ಪು ಪಾಲಿಯೆಸ್ಟರಿಗೆ ಮಾತ್ರ ಈ ವಿನಾಯಿತಿ ಇಲ್ಲ.

ಸಡಿಲ ಎಂಬುದು ಕಾಣುವ ಬಟ್ಟೆಗಷ್ಟೇ ಅಲ್ಲ, ಒಳಗಿನ ಲಂಗದ ಲಾಡಿಗೂ ಅನ್ವಯಿಸಬೇಕು. ಸೀರೆ ಜಾರಬಾರದೆಂದು ಸೊಂಟಕ್ಕೆ ಲಾಡಿ ಬಿಗಿಯುವುದು ನಮ್ಮಲ್ಲಿ ಹುಡುಗಿಯರಿಗೆ ಮೊದಲ ಪಾಠ. ಸಂಜೆ ಸೀರೆ ಬಿಚ್ಚಿದಾಗ ಸೊಂಟದ ಸುತ್ತ ಕೆಂಪನೆಯ ಬರೆ, ವರ್ಷಗಳು ಕಳೆದಂತೆ ಅದೇ ಜಾಗ ಕಪ್ಪಾಗಿ, ಸಿಪ್ಪೆಯೆದ್ದು, ತುರಿಕೆ. ಮಡಿಕೆಯಿರುವ ಸೊಂಟದಲ್ಲಿ ಲಾಡಿ ಮಡಿಕೆಯೊಳಗೇ ಹೂತುಹೋಗುತ್ತದೆ. 2024ರಲ್ಲಿ ‘ಬಿಎಂಜೆ ಕೇಸ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ವಯಸ್ಸಾದ ಇಬ್ಬರು ಹೆಂಗಸರ ಕತೆ ದಾಖಲಿಸಿದರು: ದಶಕಗಳ ಕಾಲ ಸೊಂಟಕ್ಕೆ ಬಿಗಿದ ಬಟ್ಟೆಯಿಂದ ಹುಣ್ಣಾಗಿ, ಆ ಹುಣ್ಣು ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಇದು ಬಹಳ ಅಪರೂಪ, ಹೆದರಿ ಸೀರೆ ಬಿಡಬೇಕಾಗಿಲ್ಲ. ಲಾಡಿಯ ಬದಲು ನಾಲ್ಕು ಬೆರಳಗಲದ ಹತ್ತಿ ಪಟ್ಟಿ, ಪಕ್ಕಕ್ಕೆ ಹುಕ್ಕು ಹಾಕಿದ ಲಂಗ ಹೊಲಿಸಿಕೊಂಡರೆ ಭಾರ ಹಂಚಿಹೋಗುತ್ತದೆ. ಹೊಲಿಯುವವರಿಗೆ ಅರ್ಧ ಗಂಟೆಯೂ ಹಿಡಿಯದ ಕೆಲಸ.

ಸೀರೆಯಂತೂ ಯಾರ ಸೈಜನ್ನೂ ಕೇಳುವುದಿಲ್ಲ. ಹಳೆಯ ಕ್ರಮದ ಇಳಕಲ್ ಸೀರೆಯ ಒಡಲು ಹತ್ತಿಯದು, ಕೆಂಪು ಸೆರಗು ರೇಷ್ಮೆಯದು. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಬೆವರುವ ಮೈಗೆ ಹತ್ತಿ, ಕಣ್ಣಿಗೆ ಬೀಳುವ ಸೆರಗಿಗೆ ರೇಷ್ಮೆ: ಬಯಲುಸೀಮೆಯ ಬಿಸಿಲನ್ನು ಬಲ್ಲವರ ವಿವೇಕ ಅದು. ಹೊಲದಲ್ಲಿ ದುಡಿಯುವವರು ಅದನ್ನೇ ಕಚ್ಚೆ ಹಾಕಿ ಉಟ್ಟರೆ ಬಟ್ಟೆ ಎರಡು ಕಾಲುಗಳ ನಡುವೆ ಹಾದು ತೊಡೆಗೆ ತೊಡೆ ಉಜ್ಜುವುದೂ ತಪ್ಪುತ್ತದೆ. ಕರಾವಳಿಯ ಉಡುಪಿ ಸೀರೆಯೂ ಇಂಥದ್ದೇ ಹಗುರ ಹತ್ತಿ. ಕಷ್ಟ ಕೊಡುವುದು ರವಿಕೆ. ಎದೆಯಳತೆ ಹೆಚ್ಚಿಸಿದ ದರ್ಜಿ ಕಂಕುಳ ಸುತ್ತಳತೆಯನ್ನು ಅದೇ ಲೆಕ್ಕದಲ್ಲಿ ಹೆಚ್ಚಿಸದಿದ್ದರೆ, ಕೈ ಎತ್ತಿದಾಗ ಇಡೀ ರವಿಕೆ ಮೇಲಕ್ಕೆ ಬರುತ್ತದೆ, ಕಂಕುಳ ಹೊಲಿಗೆ ಬಿಡುತ್ತದೆ. ಅಲ್ಲಿ ಬಟ್ಟೆಯ ಒಂದು ಚೌಕದ ತುಂಡು ಸೇರಿಸಿದರೆ ತೋಳಿಗೆ ಓಡಾಟ ಸಿಗುತ್ತದೆ, ಗಾಳಿಯೂ ಸಿಗುತ್ತದೆ. ಅಸ್ತರಿಗೆ ಪಾಲಿಯೆಸ್ಟರ್ ಬೇಡ, ತೆಳು ಹತ್ತಿಯೇ ಇರಲಿ ಎಂದು ಮೊದಲೇ ಹೇಳಬೇಕು.

ಇಷ್ಟೆಲ್ಲ ಹಿತದ ಮಾತಾಯಿತು. ಚೆಲುವು? ದಪ್ಪ ಮೈಯವಳು ಚೆನ್ನಾಗಿ ಕಾಣಬೇಕೆಂದು ಬಯಸಿದರೆ ಅದು ದೇಹಮೋಹವೇ? ಇಲ್ಲಿ ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ನೆನಪಾಗುತ್ತಾಳೆ. ದೊರೆ ಕೌಶಿಕನನ್ನು ತೊರೆದು ಉಡುತಡಿಯಿಂದ ಕಲ್ಯಾಣಕ್ಕೆ ಬಂದವಳು ಬಟ್ಟೆಯನ್ನೂ ಬಿಟ್ಟಿದ್ದಳು, ಕೂದಲಿನಿಂದ ಮೈ ಮರೆಸಿಕೊಂಡಿದ್ದಳು. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಅವಳನ್ನು ನೇರವಾಗಿಯೇ ಕೇಳುತ್ತಾನೆ: ಉಡುಗೆಯ ಹಂಗು ಬಿಟ್ಟವಳಿಗೆ ಕೂದಲಿನ ಮರೆ ಏಕೆ? ನೋಡಿದರೆ ನಿಮಗೆ ನೋವಾದೀತೆಂದು ಮುಚ್ಚಿದೆ ಎಂಬುದು ಅವಳ ಉತ್ತರದ ತಿರುಳು. ಎದುರು ಕೂತ ಶರಣರ ಸಭೆಯಲ್ಲಿ ಈ ಮಾತು ಎಷ್ಟು ದೂರ ಹೋಗುತ್ತದೆ ನೋಡಿ. ನಾಚಿಕೆಯ ಹೊರೆಯನ್ನು ಅವಳು ತನ್ನ ಮೈಯಿಂದ ಇಳಿಸಿ ನೋಡುವ ಕಣ್ಣಿಗೆ ಹೊರಿಸುತ್ತಾಳೆ. ಅಕ್ಕನ ವೈರಾಗ್ಯವನ್ನು ಎಲ್ಲ ಹೆಂಗಸರೂ ಅನುಸರಿಸಬೇಕೆಂದಲ್ಲ. ಆದರೆ ತನ್ನ ಮೈಯನ್ನು ಇತರರು ಹೇಗೆ ನೋಡುತ್ತಾರೆ ಎಂಬುದು ತನ್ನ ಮೈಯ ದೋಷವಲ್ಲ ಎಂಬ ಆ ಸ್ಥೈರ್ಯ ಎಲ್ಲರಿಗೂ ಸಲ್ಲುತ್ತದೆ. ಆ ಸ್ಥೈರ್ಯದಿಂದ ಮಾಡಿಕೊಂಡ ಅಲಂಕಾರ ಒಂದು ಸಂತೋಷ. ಅಂಜಿಕೆಯಿಂದ ಮಾಡಿಕೊಂಡದ್ದು ಶಿಕ್ಷೆ. ಬಟ್ಟೆ ಒಂದೇ ಇರಬಹುದು, ಉಟ್ಟವಳಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಲಂಬೋದರನ ಹೊಟ್ಟೆಗೆ ಪಟ್ಟೆವಸ್ತ್ರ ಉಡಿಸಿ, ಗರಿಕೆ ಏರಿಸಿ ಕಣ್ತುಂಬ ನೋಡುವ ಜನ ನಾವು. ತುಂಬಿದ ಮೈ ಮಂಗಳಕರವೆಂದು ಗಣಪನಲ್ಲಿ ಒಪ್ಪಿಕೊಂಡದ್ದನ್ನು ಮನೆಯ ಮಗಳಲ್ಲಿ ಒಪ್ಪಿಕೊಳ್ಳಲು ಏನು ಅಡ್ಡಿ?

ಚೆಲುವಿನ ಹೆಸರಲ್ಲಿ ಹೇಳುವ ನಿಯಮಗಳೂ ಎಲ್ಲ ನಿಜವಲ್ಲ. ಅಡ್ಡಗೆರೆ ದಪ್ಪ ತೋರಿಸುತ್ತದೆ, ಉದ್ದಗೆರೆ ತೆಳ್ಳಗೆ ತೋರಿಸುತ್ತದೆ ಎಂಬುದು ಅಂಗಡಿಗಳಲ್ಲಿ ವೇದವಾಕ್ಯ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಅಡ್ಡಗೆರೆಗಳಿಂದ ತುಂಬಿದ ಚೌಕ ಎತ್ತರವಾಗಿ ಕಾಣುತ್ತದೆಂದು ತೋರಿಸಿದ್ದ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಮತ್ತು ಸಂಗಡಿಗರು ಅದನ್ನು ಹೆಂಗಸರ ಉಡುಪಿನ ಚಿತ್ರಗಳಿಗೆ ಹಚ್ಚಿ ನೋಡಿ, ಅಡ್ಡಗೆರೆಯ ಬಟ್ಟೆ ದಪ್ಪ ತೋರಿಸುವುದಿಲ್ಲವೆಂದು 2011ರಲ್ಲಿ ಪ್ರಕಟಿಸಿದರು. ಇಳಕಲ್ಲಿನ ಚೌಕಡಿ ಇಷ್ಟವಾದವರು ಧೈರ್ಯವಾಗಿ ಉಡಬಹುದು. ಚೆಂದ ನಿಜಕ್ಕೂ ನಿಂತಿರುವುದು ಭುಜದ ಹೊಲಿಗೆ ಭುಜದ ಮೇಲೆಯೇ ಕೂತಿದೆಯೇ, ಎದೆಯ ಬಳಿ ಬಟ್ಟೆ ಎಳೆದಿದೆಯೇ ಎಂಬುದರಲ್ಲಿ. ದೊಡ್ಡ ಚೀಲದಂಥ ಬಟ್ಟೆಯಲ್ಲಿ ಯಾವ ಮೈಯೂ ಆಕಾರ ಕಳೆದುಕೊಳ್ಳುತ್ತದೆ. ಭುಜದಲ್ಲಿ ಸರಿಯಾಗಿ ಕೂತು ಸೊಂಟದಿಂದ ಕೆಳಗೆ ಅಗಲವಾಗುವ ಕುರ್ತಾ ಗಾಳಿಗೂ ಚೆಂದಕ್ಕೂ ಒದಗುತ್ತದೆ.

ಇದೆಲ್ಲ ಬೊಜ್ಜನ್ನು ಪ್ರೋತ್ಸಾಹಿಸಿದಂತೆ ಅಲ್ಲವೇ ಎಂದು ಕೇಳುವವರಿದ್ದಾರೆ. ಕಾಳಜಿ ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತೂಕ ಹೆಚ್ಚಿರುವವರು ದೇಶದಲ್ಲಿ ಶೇ 24, ಕರ್ನಾಟಕದಲ್ಲಿ ಶೇ 30ರಷ್ಟು. ಸಕ್ಕರೆ ಕಾಯಿಲೆ, ಮಂಡಿನೋವು ನಿಜ. ಆದರೆ ಬಿಸಿಲು ಯಾರ ತೂಕ ಇಳಿಯುವವರೆಗೂ ಕಾಯುವುದಿಲ್ಲ. ‘ಸಣ್ಣಗಾದ ಮೇಲೆ ಹೊಲಿಸ್ಕೊಳ್ತೀನಿ’ ಎಂದು ಬೀರುವಿನಲ್ಲಿ ಬಟ್ಟೆ ಮಡಿಚಿಟ್ಟು ವರ್ಷಗಳನ್ನೇ ಮುಂದೂಡುವ ಹೆಂಗಸರು ಎಷ್ಟೋ. ಹಿತವಾದ ಬಟ್ಟೆಯಿದ್ದವಳು ಬೆಳಗಿನ ನಡಿಗೆಗೆ ಹೊರಡುತ್ತಾಳೆ, ತೊಡೆ ಉರಿಯುವವಳು ಮನೆಯಲ್ಲೇ ಉಳಿಯುತ್ತಾಳೆ.

ಅಂಗಡಿಯ ಸೈಜಿನ ಚೀಟಿಯನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರನ್ನು ಅಳೆದು 1941ರಲ್ಲಿ ಸಿದ್ಧ ಉಡುಪಿಗೆ ಲೆಕ್ಕ ಹಾಕಿಕೊಟ್ಟಾಗ ಬಿಳಿಯರ ಅಳತೆಗಳನ್ನಷ್ಟೇ ಎಣಿಸಿತ್ತು. ಭಾರತದ ಮೈಗಳಿಗೆ ತಕ್ಕ ಸೈಜುಗಳಿಗಾಗಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರನ್ನು ಅಳೆಯುವ ಯೋಜನೆ ಹಾಕಿಕೊಂಡದ್ದು ತೀರ ಈಚೆಗೆ. ಒಂದು ಅಂಗಡಿಯ ಎಕ್ಸ್‌ಎಲ್ ಇನ್ನೊಂದರಲ್ಲಿ ತ್ರಿಬಲ್ ಎಕ್ಸ್‌ಎಲ್ ಆಗುವುದೂ ಉಂಟು. ಟ್ರಯಲ್ ರೂಮಿನಲ್ಲಿ ಕನ್ನಡಿಗೆ ಬೆನ್ನು ಹಾಕಿ ಒಮ್ಮೆ ಚಕ್ಕಂಬಕ್ಕಳ ಹಾಕಿ ಕೂತು ನೋಡಬೇಕು, ಆರತಿ ಎತ್ತುವಂತೆ ಎರಡೂ ಕೈ ಎತ್ತಬೇಕು, ಬಗ್ಗಿ ಪಾದ ಮುಟ್ಟಬೇಕು. ಕಂಕುಳು ಹಿಡಿಯದೆ, ಸೊಂಟ ಒತ್ತದೆ, ಉಸಿರು ಸರಾಗವಾಗಿ ಆಡಿದರೆ ಆಮೇಲೆ ತಿರುಗಿ ಕನ್ನಡಿ ನೋಡಿಕೊಂಡು, ಬಣ್ಣ ತನಗೆ ಒಪ್ಪಿತೇ ಎಂದು ತಾನೇ ತೀರ್ಮಾನಿಸಲಿ.