ತೀರಿಸಲಾರದ ಸಾಲಗಾರನು ಸಲ್ಲಿಸತಕ್ಕದ್ದೇನು?



ಸಾಲಮಾಡಿದವನು ಅದನ್ನು ತೀರಿಸತಕ್ಕದ್ದೆಂಬ ವಿಷಯದಲ್ಲಿ ನಮ್ಮೊಳಗೆ ಯಾರಿಗೂ ಸಂದೇಹವಿಲ್ಲ. ಕೊಟ್ಟ ಮಾತು ಮಾತೇ. ತಕ್ಕೊಂಡ ಹಣವು ಪರರದೇ. ಆದರೆ ದುಡಿದುದನ್ನೆಲ್ಲಾ ಕೊಟ್ಟರೂ ತೀರದಷ್ಟು ಸಾಲವು ಒಬ್ಬನ ಮೇಲೆ ಬಿದ್ದಾಗ ಅವನು ಏನು ಮಾಡಬೇಕು? ರಾತ್ರಿವೇಳೆ ಮನೆಗೆ ಬೀಗ ಹಾಕಿ ಊರು ಬಿಡಬೇಕೋ? ಮಕ್ಕಳ ರೊಟ್ಟಿಯನ್ನು ಕಸಿದು ಬಡ್ಡಿ ಕಟ್ಟಬೇಕೋ? ಮತ್ತೊಬ್ಬನಿಂದ ತಂದು ಮೊದಲಿನವನಿಗೆ ಕೊಡಬೇಕೋ? ಕಾಯಿದೆಯ ಆಶ್ರಯವನ್ನು ಹೊಂದಬಹುದೋ? ಹೊಂದಿದರೆ ಅದು ಅಪ್ರಾಮಾಣಿಕತೆಯಾಗುವದೋ? ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಲಿಕ್ಕೆ ನಾಚಿಕೊಂಡು, ಮನಸ್ಸಿನಲ್ಲಿಯೇ ಬೆಂದುಹೋಗುವವರು ನಮ್ಮ ಊರುಗಳಲ್ಲಿ ಇದ್ದಾರೆ. ಆದದರಿಂದ ಅವುಗಳನ್ನು ಇಲ್ಲಿ ಬಹಿರಂಗವಾಗಿ ವಿಚಾರಿಸೋಣ.

ಧಾರವಾಡದ ಮಗ್ಗುಲಲ್ಲಿರುವ ಲಕಮನಹಳ್ಳಿಯನ್ನು ತಕ್ಕೊಳ್ಳಿರಿ. ಹೆಸರಿನಲ್ಲಿ ಹಳ್ಳಿಯಾದರೂ ಅದು ಈಗ ಮಹಾನಗರಪಾಲಿಕೆಗೆ ಸೇರಿದ್ದು. ಅಲ್ಲಿ ಕೈಗಾರಿಕಾ ಪ್ರದೇಶವೂ ಉಂಟು. ಇಂಥ ಊರುಗಳಲ್ಲಿ ಹಳ್ಳಿಯ ಸಾಲವೂ ಪಟ್ಟಣದ ಸಾಲವೂ ಒಂದೇ ಮನೆಯಲ್ಲಿ ಕೂಡಿಕೊಳ್ಳುತ್ತವೆ. ಉದಾಹರಣೆಗಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡನು ಕಾರಖಾನೆಯಲ್ಲಿ ಗುತ್ತಿಗೆಯ ಕೂಲಿ ಮಾಡುತ್ತಾನೆ, ಹೆಂಡತಿಯು ನಾಲ್ಕು ಮನೆಗಳ ಕೆಲಸ ಮಾಡುತ್ತಾಳೆ. ಇಬ್ಬರ ಗಳಿಕೆ ಕೂಡಿ ತಿಂಗಳಿಗೆ ೧೮,೦೦೦ ರೂಪಾಯಿ. ಮಗಳ ಮದುವೆಗೆಂದು ಗಂಡನು ಕೈಗಡವಾಗಿ ತಂದದ್ದು ೪೦,೦೦೦ ರೂಪಾಯಿ. ಬಡ್ಡಿಯು ತಿಂಗಳಿಗೆ ನೂರಕ್ಕೆ ಐದು. ಅಂದರೆ ತಿಂಗಳು ತಿಂಗಳಿಗೆ ೨,೦೦೦ ರೂಪಾಯಿ ಹೋಗಬೇಕು. ೨೦ ತಿಂಗಳಾದ ಮೇಲೆ ಬಡ್ಡಿಯಾಗಿಯೇ ೪೦,೦೦೦ ರೂಪಾಯಿ ಕೊಟ್ಟಂತಾಯಿತು. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ಇದನ್ನು ತಡೆಯಲಾರದೆ ಹೆಂಡತಿಯು ಮೂರು ಸಂಘಗಳಲ್ಲಿ ಸಾಲವೆತ್ತಿದಳು. ಅವುಗಳ ಕಂತು ತಿಂಗಳಿಗೆ ೯,೦೦೦. ಈಗ ೧೧,೦೦೦ ರೂಪಾಯಿ ಸಾಲಕ್ಕೆ ಹೋಗಿ, ಉಣ್ಣಲಿಕ್ಕೂ ಉಡಲಿಕ್ಕೂ ೭,೦೦೦ ಮಾತ್ರ ಉಳಿಯುತ್ತದೆ. ಸಾಲದೆ ಬಂದ ತಿಂಗಳು ಐದನೆಯ ಸಾಲವನ್ನು ಹುಡುಕಬೇಕಾಗುತ್ತದೆ.

ಈ ಮನೆಯ ಕಷ್ಟದ ಗಂಟು ಎಲ್ಲಿದೆ? ಗಳಿಕೆಯು ಸಾಲದೆಂಬದು ನಿಜ, ಬಡ್ಡಿಯು ಅನ್ಯಾಯವೆಂಬದೂ ನಿಜ. ಆದರೆ ಇನ್ನೊಂದು ಮಾತುಂಟು. ಕೈಗಡದ ಬಡ್ಡಿ ಎಷ್ಟೆಂದು ಹೆಂಡತಿಗೆ ಗೊತ್ತಿಲ್ಲ. ಮೂರನೆಯ ಸಂಘದ ಸಾಲವು ಗಂಡನಿಗೆ ಗೊತ್ತಿಲ್ಲ. ಒಟ್ಟು ಎಷ್ಟೆಂಬದು ಇಬ್ಬರಿಗೂ ಗೊತ್ತಿಲ್ಲ. ಬಡತನಕ್ಕಿಂತ ಹೆಚ್ಚಾಗಿ ಈ ಮರೆಮಾಚುವಿಕೆಯೇ ಸಾಲಗಾರನ ಕುತ್ತಿಗೆಯನ್ನು ಹಿಸುಕುತ್ತದೆ. ಆದದರಿಂದ ಹಣವಿಲ್ಲದವನು ಕೂಡ ಇಂದೇ ಸಲ್ಲಿಸಬಹುದಾದ ಒಂದು ಬಾಕಿಯುಂಟು. ಅದು ಸತ್ಯವಾದ ಲೆಕ್ಕ. ಅದನ್ನು ಸಲ್ಲಿಸುವವನು ಪ್ರಾಮಾಣಿಕನು. ಅದನ್ನು ಬಚ್ಚಿಟ್ಟುಕೊಳ್ಳುವವನು ಕಂತುಗಳನ್ನು ತಪ್ಪದೆ ಕಟ್ಟಿದರೂ ಇನ್ನೂ ಬಾಕಿದಾರನೇ.

ಅರಸುಗಳ ಎರಡನೆಯ ಪುಸ್ತಕದಲ್ಲಿ ಸಾಲದ ಕೆಳಗೆ ಬಿದ್ದ ಒಬ್ಬ ವಿಧವೆಯ ವೃತ್ತಾಂತವನ್ನು ನಾವೆಲ್ಲರೂ ಕೇಳಿದ್ದೇವೆ. ಸಾಲಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯಲಿಕ್ಕೆ ಬಂದಿದ್ದನು. ಅವಳು ಪ್ರವಾದಿಯಾದ ಎಲೀಷನ ಬಳಿಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಮನೆಯಲ್ಲಿ ಏನಿದೆಯೆಂದು ಅವನು ಕೇಳಿದಾಗ, ಸ್ವಲ್ಪ ಎಣ್ಣೆಯ ಹೊರತು ಏನೂ ಇಲ್ಲವೆಂದು ಒಪ್ಪಿಕೊಂಡಳು. ಕಡೆಗೆ ಅವನು ವಿಧಿಸಿದ್ದೇನೆಂದರೆ, ಎಣ್ಣೆಯನ್ನು ಮಾರಿ ಸಾಲ ತೀರಿಸುವದು, ಉಳಿದದ್ದರಿಂದ ತಾಯಿಮಕ್ಕಳು ಬದುಕುವದು. ಇಲ್ಲಿ ಅದ್ಭುತವನ್ನು ಮಾತ್ರ ನೋಡದೆ ಕ್ರಮವನ್ನೂ ನೋಡಿರಿ. ಸಾಲವು ಸುಳ್ಳೆಂದು ಯಾರೂ ಅನ್ನಲಿಲ್ಲ. ಆದರೆ ಮಕ್ಕಳನ್ನು ಕೊಟ್ಟುಬಿಡು ಎಂದೂ ಅನ್ನಲಿಲ್ಲ. ಸಾಲವು ಸೊತ್ತಿನಿಂದಲೂ ದುಡಿಮೆಯಿಂದಲೂ ಸಲ್ಲತಕ್ಕದ್ದು, ಜೀವದಿಂದಲ್ಲ. ಆಕೆಯು ಬಾಗಲು ಮುಚ್ಚಿ ಎಣ್ಣೆ ಹೊಯ್ದದ್ದು ಕಷ್ಟವನ್ನು ಹೇಳಿಕೊಂಡ ಮೇಲೆ; ನಾವಾದರೋ ಹೇಳುವದಕ್ಕಿಂತ ಮೊದಲೇ ಬಾಗಲು ಮುಚ್ಚಿಕೊಳ್ಳುತ್ತೇವೆ.

ನಮ್ಮ ಸೀಮೆಯ ಚರಿತ್ರೆಯೂ ಇದನ್ನೇ ತೋರಿಸುತ್ತದೆ. ಧಾರವಾಡವು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, ೧೮೭೫ರಲ್ಲಿ, ಅದೇ ಇಲಾಖೆಯ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಪತ್ರಗಳು ಬೂದಿಯಾದವು, ಬಡತನವು ಉಳಿಯಿತು. ಅನಂತರ ೧೮೭೯ರಲ್ಲಿ ಬಂದ ದಖ್ಖಣದ ರೈತರ ಕಾಯಿದೆಯು ಬೇರೆ ದಾರಿಯನ್ನು ಹಿಡಿಯಿತು. ನ್ಯಾಯಾಧೀಶನು ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ, ಮೊದಲಿನಿಂದ ಕೊಟ್ಟದ್ದೆಷ್ಟು, ಮುಟ್ಟಿದ್ದೆಷ್ಟು, ಬಡ್ಡಿಯೆಷ್ಟು ಎಂಬ ಲೆಕ್ಕವನ್ನು ಬಿಚ್ಚಿ ನೋಡಬೇಕು. ಹಣ ಮುಟ್ಟಿದ್ದಕ್ಕೆ ಸಾಹುಕಾರನು ಪಾವತಿ ಕೊಡಬೇಕು. ಬೆಂಕಿಯು ಮಾಡಲಾರದ್ದನ್ನು ಲೆಕ್ಕವು ಮಾಡಬೇಕೆಂಬದೇ ಅದರ ಅಭಿಪ್ರಾಯ.

ಇನ್ನೂ ಸಮೀಪದ ದೃಷ್ಟಾಂತವು ಕಣಗಿನಹಾಳದ್ದು. ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಗದಗ ಜಿಲ್ಲೆಗೆ ಸೇರಿದ ಆ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ೧೯೦೪ರ ಸಹಕಾರಿ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರು ಸಾಮಾನ್ಯವಾಗಿ ಸಂಘದ ಸಾಲಕ್ಕೆಲ್ಲಾ ಮಿತಿಯಿಲ್ಲದೆ ಹೊಣೆಯಾಗಿದ್ದರು. ಹೀಗಿರಲಾಗಿ ನೆರೆಯವನ ಸಾಲವು ಎಲ್ಲರೂ ತಿಳಿಯತಕ್ಕ ವಿಷಯವಾಯಿತು. ಗುಟ್ಟಾಗಿ ಒಬ್ಬನನ್ನು ಮುಳುಗಿಸುವ ಭಾರವು ಬೆಳಕಿನಲ್ಲಿ ಹತ್ತು ಹೆಗಲುಗಳ ಮೇಲೆ ಕೂತಿತು.

ಆದರೆ ಒಬ್ಬನು ಹೀಗೆ ಆಕ್ಷೇಪಿಸಬಹುದು: ತೀರಿಸಲಾರೆನೆಂದವರಿಗೆಲ್ಲಾ ರಿಯಾಯತಿ ದೊರೆತರೆ ಬಡವರಿಗೆ ಸಾಲ ಕೊಡುವವರು ಯಾರು? ಕಷ್ಟಪಟ್ಟು ಕಟ್ಟಿದವನು ಮೂರ್ಖನಾದಂತಾಗಲಿಲ್ಲವೋ? ಈ ಆಕ್ಷೇಪವು ಹಗುರವಾದದ್ದಲ್ಲ. ಕೊಡಲಾರದವನು ಬೇರೆ, ಕೊಡಲೊಲ್ಲದವನು ಬೇರೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ತರದವರಾಗಿ ಕಾಣುತ್ತಾರೆ. ಇವರನ್ನು ಬೇರ್ಪಡಿಸುವದು ಬಿಚ್ಚಿದ ಲೆಕ್ಕವೊಂದೇ. ಕೊಡಲಾರದವನು ತನ್ನ ಗಳಿಕೆ, ಒಡವೆ, ಖರ್ಚುಗಳನ್ನು ಎಲ್ಲರ ಮುಂದೆ ಇಡುವನು; ಕೊಡಲೊಲ್ಲದವನು ಅವನ್ನೇ ಮುಚ್ಚಿಡುವನು. ಇನ್ನು ಸಂಘದ ಸಾಲದಲ್ಲಿ ಒಬ್ಬಳು ಓಡಿಹೋದರೆ, ಅವಳಷ್ಟೇ ಬಡವರಾದ ಉಳಿದ ಹೆಂಗಸರ ಮೇಲೆ ಅವಳ ಕಂತು ಬೀಳುವದುಂಟು. ಆದಕಾರಣ ಓಡಿಹೋಗುವದು ಸಾಹುಕಾರನಿಗಿಂತ ನೆರೆಯವರಿಗೆ ಮಾಡಿದ ದ್ರೋಹವಾಗುತ್ತದೆ.

ಹಾಗಾದರೆ ಆ ಮನೆಯವರು ಕ್ರಮವಾಗಿ ಏನು ಮಾಡತಕ್ಕದ್ದು? ಮೊದಲನೆಯದಾಗಿ, ಗಂಡಹೆಂಡಿರು ಕೂತು ಎಲ್ಲಾ ಸಾಲಗಳನ್ನು ಒಂದೇ ಕಾಗದದ ಮೇಲೆ ಬರೆಯಲಿ: ಯಾರಿಗೆ, ಅಸಲೆಷ್ಟು, ಕೊಟ್ಟದ್ದೆಷ್ಟು, ಬಡ್ಡಿಯೆಷ್ಟು. ಎರಡನೆಯದಾಗಿ, ಹಳೆಯ ಸಾಲಕ್ಕಾಗಿ ಹೊಸ ಸಾಲವೆತ್ತುವದನ್ನು ಅಂದಿನಿಂದಲೇ ನಿಲ್ಲಿಸಲಿ. ಮೂರನೆಯದಾಗಿ, ಅಡವಿಟ್ಟು ಬಡ್ಡಿ ಕಟ್ಟುತ್ತಿರುವ ಚಿನ್ನವಿದ್ದರೆ, ಅದನ್ನು ಮಾರಿ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ಇಳಿಸುವದು ಲಾಭವೋ ಎಂದು ಲೆಕ್ಕಹಾಕಲಿ. ನಾಲ್ಕನೆಯದಾಗಿ, ಕಂತು ತಪ್ಪುವದಕ್ಕಿಂತ ಮುಂಚೆಯೇ ಕೊಟ್ಟವರ ಬಳಿಗೆ ಹೋಗಿ, ಕಾಗದವನ್ನು ತೋರಿಸಿ, ಅವಧಿಯನ್ನು ಹೆಚ್ಚಿಸಿ ಕಂತನ್ನು ಇಳಿಸಬೇಕೆಂದೋ, ಒಂದೇ ಮೊತ್ತಕ್ಕೆ ತೀರುವಳಿ ಮಾಡಿಕೊಳ್ಳಬೇಕೆಂದೋ ಕೇಳಲಿ. ಒಪ್ಪಿದ್ದನ್ನು ಬರವಣಿಗೆಯಲ್ಲಿಯೇ ಪಡೆಯಲಿ. ವರುಷಕ್ಕೆ ೩ ಲಕ್ಷದ ವರೆಗೆ ಗಳಿಕೆಯುಳ್ಳ ಮನೆಗಳಿಗೆ ಅಡವಿಲ್ಲದೆ ಕೊಡುವ ಕಿರುಸಾಲಗಳ ಬಗ್ಗೆ ರಿಜರ್ವ್ ಬ್ಯಾಂಕು ೨೦೨೨ರಲ್ಲಿ ವಿಧಿಸಿದ ನಿಯಮವುಂಟು. ಮನೆಯ ಎಲ್ಲಾ ಸಾಲಗಳ ಕಂತು ಕೂಡಿ ತಿಂಗಳ ಗಳಿಕೆಯ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದು. ನಾವು ಹೇಳಿದ ಮನೆಯಲ್ಲಿ ಅರ್ಧವೆಂದರೆ ೯,೦೦೦. ಅದು ಮೀರಿತೆಂದು ಕಾಗದವೇ ಹೇಳುವದು.

ಇಷ್ಟಕ್ಕೂ ಬಗೆಹರಿಯದಿದ್ದರೆ ಕಾಯಿದೆಯ ಬಾಗಲುಗಳಿವೆ. ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೂ ಪರಿಶಿಷ್ಟ ಜಾತಿ-ಪಂಗಡದವರಿಗೂ ಬಡವರಿಗೂ ವಕೀಲರ ಸಹಾಯವು ಧರ್ಮಾರ್ಥವಾಗಿ ದೊರೆಯುತ್ತದೆ. ೧೫೧೦೦ ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಲೋಕ ಅದಾಲತಿನಲ್ಲಿ ಶುಲ್ಕವಿಲ್ಲದೆ ರಾಜಿಯಾಗಬಹುದು. ಸರಕಾರವು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಬಡ್ಡಿ ತಕ್ಕೊಳ್ಳುವ ಸಾಹುಕಾರನ ಮೇಲೆ ೨೦೦೪ರ ರಾಜ್ಯ ಕಾಯಿದೆಯುಂಟು. ೨೦೨೫ರ ಆರಂಭದಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ವಸೂಲಿಯ ಕಾಟಕ್ಕೆ ಜನರು ಮನೆಬಿಟ್ಟು ಹೋದರು, ಕೆಲವರು ಪ್ರಾಣವನ್ನೇ ಕಳಕೊಂಡರು. ಆಗ ಬಂದ ಕಾಯಿದೆಯು ಬೆದರಿಕೆ, ಬಲಾತ್ಕಾರಗಳಿಂದ ವಸೂಲಿ ಮಾಡುವವರಿಗೆ ೧೦ ವರುಷಗಳ ವರೆಗೆ ಸೆರೆಯನ್ನೂ ೫ ಲಕ್ಷ ರೂಪಾಯಿಗಳ ವರೆಗೆ ದಂಡವನ್ನೂ ವಿಧಿಸುತ್ತದೆ. ಆದರೆ ಇದರಿಂದ ಎಲ್ಲಾ ಸಾಲಗಳು ಮನ್ನಾ ಆದವೆಂದು ಹೇಳುವವರನ್ನು ನಂಬಬೇಡಿರಿ. ರಿಜರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದವರ ಸಾಲಗಳು ಅದರಿಂದ ಅಳಿಯಲಿಲ್ಲ.

ಕಡೆಯ ಬಾಗಲು ೧೯೨೦ರ ಪ್ರಾಂತೀಯ ದಿವಾಳಿ ಕಾಯಿದೆ. ಅದರಲ್ಲಿ ಅರ್ಜಿದಾರನು ತನ್ನ ಎಲ್ಲಾ ಸಾಲಗಳನ್ನೂ ಸೊತ್ತನ್ನೂ ಕೋರ್ಟಿಗೆ ಒಪ್ಪಿಸಬೇಕು. ಬಚ್ಚಿಟ್ಟರೆ ಶಿಕ್ಷೆಯುಂಟು, ಮೋಸದಿಂದ ಮಾಡಿದ ಸಾಲಕ್ಕೆ ಬಿಡುಗಡೆಯಿಲ್ಲ. ಇದೂ ಸತ್ಯವಾದ ಲೆಕ್ಕವನ್ನೇ ಕೇಳುತ್ತದೆಂಬದನ್ನು ಗಮನಿಸಿರಿ. ಹೀಗಿರುವಾಗ ನಿಜವಾಗಿ ಕೊಡಲಾರದವನು ಇದನ್ನು ಆಶ್ರಯಿಸುವದು ಮಾತಿಗೆ ತಪ್ಪುವದಲ್ಲ, ಮಾತನ್ನು ನಡಿಸಲಾರೆನೆಂದು ನ್ಯಾಯದ ಮುಂದೆ ಒಪ್ಪಿಕೊಳ್ಳುವದು. ಜಪ್ತಿಗೆ ಬಂದವನು ಕೂಡ ಉಡುವ ಬಟ್ಟೆ, ಹಾಸಿಗೆ, ಅಡಿಗೆಯ ಪಾತ್ರೆ, ಕಸಬಿನ ಸಲಕರಣೆ, ಕೂಲಿಯವನ ಕೂಲಿ, ಇವುಗಳನ್ನು ಮುಟ್ಟಬಾರದೆಂದು ೧೯೦೮ರ ದಿವಾಣಿ ಸಂಹಿತೆಯು ಹೇಳುತ್ತದೆ. ಬರೀ ಬಡತನದಿಂದ ಕೊಡಲಾರದವನನ್ನು ಸೆರೆಗೆ ಹಾಕಬಾರದೆಂದು ಸುಪ್ರೀಂ ಕೋರ್ಟು ೧೯೮೦ರಲ್ಲಿ ತೀರ್ಪು ಕೊಟ್ಟಿತು. ದೇಶದ ಕಾಯಿದೆಯೇ ಬಡವನ ಗಂಗಾಳವನ್ನು ಬಿಟ್ಟಿರುವಲ್ಲಿ, ಅವನು ತನ್ನ ಪ್ರಾಣವನ್ನು ಸಾಲಕ್ಕೆ ಒಪ್ಪಿಸತಕ್ಕದ್ದೆಂದು ಹೇಳುವವರು ಯಾರು? ಸತ್ತವನ ಸಾಲವು ಸಾವಿನಿಂದ ತೀರುವದಿಲ್ಲ. ಮನೆಯು ದುಡಿಯುವ ಎರಡು ಕೈಗಳನ್ನು ಕಳಕೊಳ್ಳುವದಷ್ಟೇ. ಮನಸ್ಸು ಅಂಥ ಕತ್ತಲೆಗೆ ಹೊರಳಿದರೆ ಕೂಡಲೇ ಹತ್ತಿರದವರಿಗೆ ಹೇಳಿರಿ; ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಕೇಳುವವರಿದ್ದಾರೆ.

ಸಭೆಯ ಹಿರಿಯರಿಗೂ ಒಂದು ಮಾತು. ಸಾಲಗಾರನು ಕಾಗದ ಹಿಡಿದುಕೊಂಡು ಬಂದಾಗ ಅವನ ತಪ್ಪುಗಳನ್ನು ಎಣಿಸಬೇಡಿರಿ, ಅಂಕಿಗಳನ್ನು ಎಣಿಸಿರಿ. ಹಣ ಕೊಡಲಾರದಿದ್ದರೂ, ವಸೂಲಿಯವನು ಬರುವ ದಿನ ಅವನ ಕಟ್ಟೆಯ ಮೇಲೆ ಇಬ್ಬರು ಹೋಗಿ ಕೂಡ್ರಬಹುದಲ್ಲವೇ? ನಮ್ಮೊಳಗೆ ಬಡ್ಡಿಗೆ ಕೊಡುವವರೂ ಉಂಟು; ಅವರು ನೆಹೆಮೀಯನ ಕಾಲದ ಪ್ರಮುಖರನ್ನು ನೆನಸಲಿ. ಸಹೋದರರ ಹೊಲಗಳನ್ನೂ ಮನೆಗಳನ್ನೂ ಹಿಡಿದಿದ್ದ ಅವರು, ಬಡವರ ಕೂಗು ಬಹಿರಂಗವಾದಾಗ, ಹಿಡಿದದ್ದನ್ನೂ ತಕ್ಕೊಂಡಿದ್ದ ಬಡ್ಡಿಯನ್ನೂ ಹಿಂದಕ್ಕೆ ಕೊಡಲಿಕ್ಕೆ ಒಪ್ಪಿದರು. ಕೂಗು ಬಹಿರಂಗವಾಗದೆ ಇದ್ದಿದ್ದರೆ ಅವರು ಒಪ್ಪುತ್ತಿದ್ದರೋ?

ಆದದರಿಂದ ಸಾಲದಲ್ಲಿರುವ ಸಹೋದರನೇ, ಸಹೋದರಿಯೇ, ಈ ಹೊತ್ತು ರಾತ್ರಿ ಊಟವಾದ ಮೇಲೆ ಒಂದು ಕಾಗದವನ್ನು ತಕ್ಕೊಂಡು ಮನೆಯವರೊಂದಿಗೆ ಕೂತುಕೊಳ್ಳಿರಿ. ಅದರಲ್ಲಿ ಬರೆಯುವ ಮೊತ್ತವು ನಿಮ್ಮನ್ನು ಹೆದರಿಸೀತು. ಆದರೂ ಬರೆದ ಸಾಲಕ್ಕೆ ಒಂದು ಅಂಚು ಉಂಟು. ಬಚ್ಚಿಟ್ಟ ಸಾಲಕ್ಕೆ ಅಂಚೇ ಇಲ್ಲ.